ವಿಮಾನದ ಓದು: ಎರಡು ಪದವಿ ಒಂದೇ ಕೋರ್ಸ್ ಆದ ಕಥೆ, ಅದರಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ಜಾಗ

ಪಿಯುಸಿ ಫಲಿತಾಂಶ ಬಂದ ವಾರ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ಕಡೆ ಹೋದರೂ ಸೈನ್ಸ್ ಓದಿದ ಮಕ್ಕಳ ಮನೆಯಲ್ಲಿ ಒಂದೇ ಮಾತು: ಮುಂದೇನು? 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು ಊರೂರಲ್ಲಿ ಮೊಬೈಲ್ ಹಿಡಿದು ನೋಡಿದ್ದೇವೆ. ಅಂದಿನಿಂದ ಆ ಪ್ರಶ್ನೆಗೆ ಇನ್ನೊಂದು ಜೋಡಿಯಾಗಿದೆ. "ರಾಕೆಟ್, ವಿಮಾನದ ಇಂಜಿನಿಯರಿಂಗ್ ಓದಬೇಕಂದ್ರ ಎಲ್ಲಿಗೆ ಹೋಗಬೇಕ್ರಿ? ಬಿ.ಟೆಕ್, ಎಂ.ಟೆಕ್ ಎರಡೂ ಕೂಡಿ ಐದೇ ವರ್ಷಕ್ಕ ಮುಗಿತಾವಂತ, ಖರೇನಾ?"

ಖರೇ. ಅಂತಹ ಕೋರ್ಸ್‌ಗಳು ನಮ್ಮ ದೇಶದಲ್ಲಿವೆ. ಆದರೆ ಅವು ಹೇಗೆ ಬಂದವು, ಯಾಕೆ ಬಂದವು, ಅವುಗಳ ಬಾಗಿಲು ಯಾರಿಗೆ ಸಲೀಸಾಗಿ ತೆರೆಯುತ್ತದೆ ಎಂಬುದು ತಿಳಿಯದೆ ಐದು ವರ್ಷದ ನಿರ್ಧಾರ ಮಾಡುವುದು ಕಷ್ಟ. ಅದಕ್ಕೇ ಈ ಬಾರಿ ನಾವು ಇತಿಹಾಸದಿಂದ ಶುರು ಮಾಡುತ್ತೇವೆ. ಈ ಕಥೆ ಬಹುಪಾಲು ನಡೆದದ್ದು ನಮ್ಮ ರಾಜ್ಯದ ಬೆಂಗಳೂರಿನಲ್ಲೇ.

ಮೊದಲು ಬಂದದ್ದು ಮೇಲಿನ ಮೆಟ್ಟಿಲು

ಎರಡನೇ ಮಹಾಯುದ್ಧದ ಕಾಲ. ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರವನ್ನು ಜೊತೆಗೆ ಸೇರಿಸಿಕೊಂಡು 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಇಂದಿನ ಎಚ್‌ಎಎಲ್‌ನ ಮೂಲ ಅದು. ಮರುವರ್ಷವೇ ಅಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಜೋಡಿಸಿ ಹಾರಿಸಿದರು. ಯುದ್ಧ ಜೋರಾದಂತೆ ಕಾರ್ಖಾನೆ ಸರ್ಕಾರದ ಕೈಗೆ ಹೋಯಿತು. ಅಮೆರಿಕದ ಸೇನೆಯ ವಿಮಾನಗಳು ಸಾಲುಸಾಲಾಗಿ ರಿಪೇರಿಗೆ ಬರತೊಡಗಿದವು.

ಬೋಲ್ಟು ಬಿಗಿಯುವ ಕೈಗಳು ಸಿಕ್ಕವು. ಆದರೆ ಈ ರೆಕ್ಕೆ ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಲೆಕ್ಕ ಹಾಕಿ ಹೇಳುವವರು ದೇಶದಲ್ಲಿ ಬೆರಳೆಣಿಕೆಯಷ್ಟೇ ಇದ್ದರು. ಆ ಕೊರತೆ ತುಂಬಲು 1942ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋನಾಟಿಕಲ್ ಇಂಜಿನಿಯರಿಂಗ್ ವಿಭಾಗ ತೆರೆಯಿತು. ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವುದು ಇದೇ ಸಂಸ್ಥೆಯನ್ನು.

ವಿಭಾಗ ಕಟ್ಟಿದವರು ವಿಷ್ಣು ಮಾಧವ ಘಾಟಗೆ. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಪ್ರಾಂಡ್ಲ್ ಎಂಬ ಹೆಸರಾಂತ ವಿಜ್ಞಾನಿಯ ಬಳಿ ಡಾಕ್ಟರೇಟ್ ಮಾಡಿ ಬಂದಿದ್ದರು. ಪಾಠವನ್ನೂ ಹೇಳಿದರು, ಎಚ್‌ಎಎಲ್‌ನಲ್ಲಿ ವಿಮಾನವನ್ನೂ ವಿನ್ಯಾಸ ಮಾಡಿದರು. ಅವರ ತಂಡದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬೆಂಗಳೂರಿನ ಆ ವಿಭಾಗ ಪಿಯುಸಿ ಮುಗಿಸಿದವರಿಗಲ್ಲ, ಈಗಾಗಲೇ ಒಂದು ಪದವಿ ಪಡೆದು ಬಂದವರಿಗೆ. ಬೇರೆ ಯಾವುದೋ ಇಂಜಿನಿಯರಿಂಗ್ ಅಥವಾ ವಿಜ್ಞಾನ ಓದಿ ಬಂದವರನ್ನು ವಿಮಾನದ ಕಡೆ ತಿರುಗಿಸುವ ಕೆಲಸ ಅದರದು. ಅಂದರೆ ನಮ್ಮಲ್ಲಿ ಈ ಓದಿನ ಮೇಲಿನ ಮೆಟ್ಟಿಲು ಮೊದಲು ಬಂತು, ಕೆಳಗಿನ ಮೆಟ್ಟಿಲು ಆಮೇಲೆ.

ಆಗ ನಮ್ಮ ಊರುಗಳು ಎಲ್ಲಿದ್ದವು?

1942ರಲ್ಲಿ ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ನಾವು ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದೆವು. ಕೊಪ್ಪಳ, ಯಲಬುರ್ಗಾ ಭಾಗ ಸಾಲಾರ್‌ಜಂಗ್ ಮನೆತನದ ಜಹಗೀರು. ತುಂಗಭದ್ರೆಯ ಆಚೆ ದಡ ಮದ್ರಾಸ್ ಪ್ರಾಂತ್ಯದ ಬಳ್ಳಾರಿ. ಮುನಿರಾಬಾದಿನ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಹಾಕುವಾಗ ಈ ದಡಕ್ಕೆ ಹೈದರಾಬಾದಿನವರು, ಆ ದಡಕ್ಕೆ ಮದ್ರಾಸಿನವರು ಬಂದಿದ್ದರು. ಒಂದು ನದಿಗೆ ಎರಡು ಸರ್ಕಾರ.

ವಿಮಾನ ಎಂಬುದು ನಿಜಾಮರ ರಾಜ್ಯಕ್ಕೆ ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ 110ನೇ ಸ್ಕ್ವಾಡ್ರನ್‌ನ ವಿಮಾನಗಳಿಗೆ ನಿಜಾಮರು ಹಣ ಕೊಟ್ಟಿದ್ದರು. ಅದಕ್ಕೇ ಆ ಪಡೆಗೆ ಹೈದರಾಬಾದ್ ಸ್ಕ್ವಾಡ್ರನ್ ಎಂದೇ ಹೆಸರು ಬಂತು. ಬೇಗಂಪೇಟೆಯಲ್ಲಿ ವಿಮಾನ ನಿಲ್ದಾಣ ಇತ್ತು. 1945ರಲ್ಲಿ ಡೆಕ್ಕನ್ ಏರ್‌ವೇಸ್ ಎಂಬ ಕಂಪನಿಯೂ ಹುಟ್ಟಿತು. ರೈತರ ಕಂದಾಯದ ದುಡ್ಡು ಹೋಗಿ ಸೇರುತ್ತಿದ್ದ ರಾಜ್ಯ ವಿಮಾನ ಕೊಂಡುಕೊಟ್ಟಿತು. ಆ ರೈತರ ಮಕ್ಕಳಿಗೆ ವಿಮಾನದ ಪಾಠ ಮಾತ್ರ ಹತ್ತಿರ ಸುಳಿಯಲಿಲ್ಲ.

ಭಾಷೆಯ ತೊಡಕು ಬೇರೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಉರ್ದುವಿನಲ್ಲಿ. ಬೆಂಗಳೂರಿನ ಸಂಸ್ಥೆಯಲ್ಲಿ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅಕ್ಷರ ಕಲಿಯುವುದೇ ಹೋರಾಟವಾಗಿದ್ದ ಊರುಗಳಿಗೆ ಎರಡೂ ದೂರ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯ ಸೇರಿದೆವು. 1958ರಲ್ಲಿ ಕಲಬುರಗಿಯಲ್ಲಿ ಈ ಭಾಗದ ಇಂಜಿನಿಯರಿಂಗ್ ಕಾಲೇಜು ಬಂತು. ಅಷ್ಟರಲ್ಲಿ ಬೆಂಗಳೂರಿನ ವಿಮಾನ ವಿಭಾಗಕ್ಕೆ ಹದಿನಾರು ವರ್ಷ ತುಂಬಿತ್ತು.

ನಮ್ಮ ಭಾಗ ಹಿಂದುಳಿದಿದೆ ಎನ್ನುವಾಗ ಈ ಹದಿನಾರು ವರ್ಷವನ್ನು ನೆನಪಿಡಬೇಕು. ಓಟಕ್ಕೆ ನಾವು ತಡವಾಗಿ ಇಳಿದವರು.

ನಾಲ್ಕು ಜನರ ಏಣಿ

ದೇಶದ ವಿಮಾನ, ರಾಕೆಟ್ ಕೆಲಸ ಕಟ್ಟಿದವರು ಎಂತಹ ಪದವಿ ಪಡೆದಿದ್ದರು? ನಾಲ್ಕು ಜನರನ್ನು ನೋಡೋಣ.

ಸತೀಶ್ ಧವನ್ ಲಾಹೋರಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆಮೇಲೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದರು. ಅಮೆರಿಕಕ್ಕೆ ಹೋಗಿ ಏರೋನಾಟಿಕಲ್‌ನಲ್ಲಿ ಸ್ನಾತಕೋತ್ತರ ಪದವಿ, 1951ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಬೆಂಗಳೂರಿನ ವಿಭಾಗ ಸೇರಿ, ಶಬ್ದಕ್ಕಿಂತ ವೇಗದ ಗಾಳಿ ಹಾಯಿಸುವ ಸುರಂಗ ಕಟ್ಟಿದರು. ಅಂಗುಲದಲ್ಲಿ ಅಳೆಯುವಷ್ಟು ಚಿಕ್ಕದು, ಆದರೆ ದೇಶಕ್ಕೆ ಮೊದಲನೆಯದು. ಮುಂದೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು, 1972ರಿಂದ 1984ರವರೆಗೆ ಇಸ್ರೋ ಮುನ್ನಡೆಸಿದರು.

ರೊದ್ದಂ ನರಸಿಂಹ ಬೆಂಗಳೂರಿನವರು. ಅವರ ತಂದೆ ಆರ್.ಎಲ್. ನರಸಿಂಹಯ್ಯ ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ ಓದಿದ್ದು ಮೆಕ್ಯಾನಿಕಲ್. ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನ ಕಂಡು ಮನಸ್ಸು ತಿರುಗಿತು. 1953ರಲ್ಲಿ ಪದವಿ, 1955ರಲ್ಲಿ ಅಲ್ಲಿಯ ಡಿಪ್ಲೊಮಾ. ಆಗ ವಿಜ್ಞಾನ ಸಂಸ್ಥೆ ಕೊಡುತ್ತಿದ್ದದ್ದು ಡಿಪ್ಲೊಮಾ. ವಿಶ್ವವಿದ್ಯಾಲಯದ ಮಾನ್ಯತೆ ಅದಕ್ಕೆ ಬಂದದ್ದು 1958ರಲ್ಲಿ. ಮುಂದೆ ಅವರು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾದರು.

ಅಬ್ದುಲ್ ಕಲಾಂ ತಿರುಚಿರಾಪಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಇಂಜಿನಿಯರಿಂಗ್ ಓದಬೇಕಿತ್ತು ಎಂದು ಅರಿತವರು. ಚೆನ್ನೈನ ಎಂಐಟಿಯಲ್ಲಿ ಬಿ.ಎಸ್ಸಿ. ಆದವರಿಗೂ ಏರೋನಾಟಿಕಲ್ ಸೀಟು ಇತ್ತು. ಶುಲ್ಕಕ್ಕೆ ಸುಮಾರು ಸಾವಿರ ರೂಪಾಯಿ ಬೇಕಾದಾಗ ಅಕ್ಕ ಜೊಹರಾ ತಮ್ಮ ಚಿನ್ನದ ಬಳೆ, ಸರ ಅಡ ಇಟ್ಟರು. ಇದನ್ನು ಕಲಾಂ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬಂಗಾರ ಅಡ ಇಟ್ಟು ಮಕ್ಕಳನ್ನು ಓದಿಸುವ ಮನೆಗಳಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯವರು ಬಿ.ಎನ್. ಸುರೇಶ್, ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಯವರು. ಮೈಸೂರು ವಿಶ್ವವಿದ್ಯಾಲಯದಿಂದ 1963ರಲ್ಲಿ ವಿಜ್ಞಾನ ಪದವಿ, 1967ರಲ್ಲಿ ಇಂಜಿನಿಯರಿಂಗ್ ಪದವಿ, 1969ರಲ್ಲಿ ಮದ್ರಾಸ್ ಐಐಟಿಯಿಂದ ಸ್ನಾತಕೋತ್ತರ ಪದವಿ. ರಾಕೆಟ್ ತಯಾರಿಸುವ ವಿಕ್ರಂ ಸಾರಾಭಾಯಿ ಕೇಂದ್ರದ ನಿರ್ದೇಶಕರಾದರು. ಇವರ ಹೆಸರು ಮುಂದೆ ಮತ್ತೆ ಬರುತ್ತದೆ.

ನಾಲ್ವರ ಏಣಿಯಲ್ಲೂ ಒಂದೇ ಗುರುತು. ಯಾರೂ ಹದಿನೇಳನೇ ವಯಸ್ಸಿಗೆ ವಿಮಾನದ ಕೋರ್ಸ್ ಹಿಡಿದವರಲ್ಲ. ಒಂದು ಪದವಿ ಬೇರೆಯದು, ಅದರ ಮೇಲೆ ಇನ್ನೊಂದು. ಎರಡನ್ನೂ ಜೋಡಿಸುವ ಹೊತ್ತಿಗೆ ಐದಲ್ಲ, ಆರು, ಏಳು, ಎಂಟು ವರ್ಷ ಕಳೆದಿದ್ದವು.

ಐದು ನಾಲ್ಕಾಯಿತು, ಮತ್ತೆ ಐದಾಯಿತು

ಕೆಳಗಿನ ಮೆಟ್ಟಿಲು ಕಟ್ಟಿದ್ದು ಐಐಟಿಗಳು. ಖರಗ್‌ಪುರದಲ್ಲಿ 1951ರಲ್ಲಿ ಮೊದಲನೆಯದು. ಬಾಂಬೆ 1958ರಲ್ಲಿ, ಮದ್ರಾಸ್ ಮತ್ತು ಕಾನ್ಪುರ 1959ರಲ್ಲಿ. ಈ ನಾಲ್ಕರಲ್ಲೂ ಕಾಲಕ್ರಮದಲ್ಲಿ ವೈಮಾನಿಕ ವಿಭಾಗಗಳು ಬಂದವು. ಹುಡುಗರು ನೇರವಾಗಿ ಈ ವಿಷಯದಲ್ಲೇ ಬಿ.ಟೆಕ್. ಸೇರುವಂತಾಯಿತು.

ಆ ಕಾಲದಲ್ಲಿ ಐಐಟಿಯ ಬಿ.ಟೆಕ್. ಐದು ವರ್ಷದ್ದು, ಸಿಗುತ್ತಿದ್ದ ಪದವಿ ಒಂದೇ. 1980ರ ದಶಕದ ಆರಂಭದಲ್ಲಿ ಅದನ್ನು ನಾಲ್ಕು ವರ್ಷಕ್ಕೆ ಇಳಿಸಿದರು. 1990ರ ದಶಕದಲ್ಲಿ ಐದು ವರ್ಷದ ಓದು ಹೊಸ ಹೆಸರಲ್ಲಿ ಮರಳಿತು: ಡ್ಯುಯಲ್ ಡಿಗ್ರಿ. ಈ ಸಲ ಐದು ವರ್ಷಕ್ಕೆ ಬಿ.ಟೆಕ್. ಮತ್ತು ಎಂ.ಟೆಕ್. ಎರಡೂ ಪದವಿ. ಬೇರೆ ಬೇರೆಯಾಗಿ ಓದಿದರೆ ನಾಲ್ಕು ಮತ್ತು ಎರಡು, ಒಟ್ಟು ಆರು ವರ್ಷ. ಜೋಡಿಸಿದರೆ ಒಂದು ವರ್ಷ ಉಳಿಯುತ್ತದೆ, ನಡುವೆ ಇನ್ನೊಂದು ಪ್ರವೇಶ ಪರೀಕ್ಷೆಯೂ ಇಲ್ಲ.

ವಿಮಾನದ ಓದಿಗೆ ಈ ಜೋಡಣೆ ಯಾಕೆ ಹೊಂದುತ್ತದೆ? ಕಣದಲ್ಲಿ ಜೋಳ ತೂರುವುದನ್ನು ನೆನೆಸಿಕೊಳ್ಳಿ. ಗಾಳಿ ಬೀಸುವ ದಿಕ್ಕು ನೋಡಿ ಮೊರ ಎತ್ತಿ ಬಿಟ್ಟರೆ ಹೊಟ್ಟು ದೂರ ಹಾರುತ್ತದೆ, ಕಾಳು ಕಾಲಬುಡದಲ್ಲಿ ಬೀಳುತ್ತದೆ. ಗಾಳಿ ಎರಡನ್ನೂ ತಳ್ಳುತ್ತದೆ. ತೂಕಕ್ಕೆ ಹೋಲಿಸಿದರೆ ಆ ತಳ್ಳು ಹೊಟ್ಟಿಗೆ ಹೆಚ್ಚು, ಕಾಳಿಗೆ ಕಡಿಮೆ. ನಮ್ಮ ಅವ್ವ, ಅಜ್ಜಿಯರಿಗೆ ಇದು ಕೈಗೆ ಬಂದ ವಿದ್ಯೆ. ಎಷ್ಟು ಗಾಳಿಗೆ, ಎಷ್ಟು ತೂಕದ ಕಾಳು, ಎಷ್ಟು ದೂರ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದೇ ಏರೋಡೈನಮಿಕ್ಸ್.

ಇದರ ಜೊತೆಗೆ ಇನ್ನೂ ಮೂರು ಪಾಠ. ರೆಕ್ಕೆ ಮುರಿಯದಂತೆ, ಆದರೆ ಭಾರವೂ ಆಗದಂತೆ ಕಟ್ಟುವುದು. ಇಂಜಿನ್ ತಳ್ಳುವ ಶಕ್ತಿ. ಹಾರುವಾಗ ಅಲುಗಾಡಿದರೆ ಮತ್ತೆ ದಾರಿಗೆ ತರುವ ನಿಯಂತ್ರಣ. ಮೊದಲ ಎರಡು ವರ್ಷ ಹೆಚ್ಚಾಗಿ ಗಣಿತ, ಭೌತಶಾಸ್ತ್ರದಲ್ಲೇ ಹೋಗುತ್ತದೆ. ಈ ನಾಲ್ಕು ಪಾಠದ ಪರಿಚಯ ಆಗುವಷ್ಟರಲ್ಲಿ ಬಿ.ಟೆಕ್. ಮುಗಿದಿರುತ್ತದೆ. ಒಂದರಲ್ಲಾದರೂ ಆಳಕ್ಕೆ ಇಳಿದು ಸ್ವಂತವಾಗಿ ಒಂದು ಸಮಸ್ಯೆ ಬಿಡಿಸಲು ಇನ್ನೊಂದು ವರ್ಷ ಬೇಕು. ಐದನೇ ವರ್ಷದ ದೊಡ್ಡ ಪಾಲು ಅಂತಹ ಪ್ರಾಜೆಕ್ಟಿಗೇ ಮೀಸಲು.

ಲೆಕ್ಕ ಹಾಕಿ ನೋಡುವ ಗುಣ

ಈ ಓದು ಏನು ಕಲಿಸುತ್ತದೆ ಎಂಬುದಕ್ಕೆ 1974ರ ಒಂದು ಪ್ರಸಂಗ ಒಳ್ಳೆಯ ಉದಾಹರಣೆ. 'ವೈಮಾನಿಕ ಶಾಸ್ತ್ರ' ಎಂಬ ಸಂಸ್ಕೃತ ಪುಸ್ತಕದ ಹೆಸರು ನೀವೂ ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಭರದ್ವಾಜ ಮುನಿಗಳ ಕಾಲದ್ದು, ವಿಮಾನ ಕಟ್ಟುವ ವಿಧಾನ ಅದರಲ್ಲಿದೆ ಎಂಬ ಮಾತು. ಅದನ್ನು ಬಾಯಲ್ಲಿ ಹೇಳಿ ಬರೆಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿ.

ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಅವರ ನಾಲ್ವರು ಜೊತೆಗಾರರು ಈ ಪುಸ್ತಕವನ್ನು ಹಿಡಿದು ಕೂತರು. ಓದದೆ ತಳ್ಳಿಹಾಕಲಿಲ್ಲ, ಓದದೆ ಕೈಮುಗಿಯಲೂ ಇಲ್ಲ. ಭಾಷೆ ಪರೀಕ್ಷಿಸಿದರು, ಚಿತ್ರಗಳಲ್ಲಿನ ಅಳತೆ ತೆಗೆದು ತೂಕ, ಗಾಳಿ, ಶಕ್ತಿಯ ಲೆಕ್ಕ ಹಾಕಿದರು. ಪುಸ್ತಕ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿರುವ ಯಾವ ವಿಮಾನವೂ ಹಾರುವಂತಿಲ್ಲ ಎಂಬ ತೀರ್ಮಾನಕ್ಕೆ ಬಂದರು.

ಆನೆಗೊಂದಿಯ ಪಕ್ಕದ ಅಂಜನಾದ್ರಿ ಹನುಮಪ್ಪ ಹುಟ್ಟಿದ ಬೆಟ್ಟ ಎಂದು ನಂಬಿದ ನೆಲ ನಮ್ಮದು. ಆ ಭಕ್ತಿಗೆ ಈ ಲೆಕ್ಕದಿಂದ ಏನೂ ಕುಂದಿಲ್ಲ. ಬೆಟ್ಟ ಹತ್ತುವವರು ಹತ್ತುತ್ತಾರೆ. ಆದರೆ ವಿಮಾನದಲ್ಲಿ ಜನ ಕೂರುತ್ತಾರೆ. ಅಲ್ಲಿ ಪ್ರತಿ ಮೊಳೆಗೂ ಲೆಕ್ಕ ಬೇಕು.

ಇಸ್ರೋ ತೆರೆದ ಕಾಲೇಜು

2007ರ ಸೆಪ್ಟೆಂಬರ್‌ನಲ್ಲಿ ಬಾಹ್ಯಾಕಾಶ ಇಲಾಖೆ ತಿರುವನಂತಪುರದಲ್ಲಿ ತನ್ನದೇ ಕಾಲೇಜು ಶುರು ಮಾಡಿತು. ಹೆಸರು ಭಾರತೀಯ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಚಿಕ್ಕದಾಗಿ ಐಐಎಸ್‌ಟಿ. ಅದರ ಮೊದಲ ನಿರ್ದೇಶಕರು ಮೇಲೆ ಹೇಳಿದ ಬಿ.ಎನ್. ಸುರೇಶ್, ಮೊದಲ ಕುಲಾಧಿಪತಿ ಅಬ್ದುಲ್ ಕಲಾಂ. ತಾವು ಬೇರೆ ಬೇರೆ ಮೆಟ್ಟಿಲು ಹುಡುಕಿ ಹತ್ತಿದ ಏಣಿಯನ್ನು ಮುಂದಿನವರಿಗೆ ಒಂದೇ ಕಡೆ ನಿಲ್ಲಿಸಿಕೊಟ್ಟರು.

ಅಲ್ಲಿ ಏರೋಸ್ಪೇಸ್ ಮತ್ತು ಏವಿಯಾನಿಕ್ಸ್ ನಾಲ್ಕು ವರ್ಷದ ಬಿ.ಟೆಕ್. ಐದು ವರ್ಷದ ಎರಡು ಪದವಿಯ ಕೋರ್ಸ್ ಇರುವುದು ಇಂಜಿನಿಯರಿಂಗ್ ಫಿಸಿಕ್ಸ್‌ನಲ್ಲಿ. ಈ ವ್ಯತ್ಯಾಸವನ್ನು ಅರ್ಜಿ ಹಾಕುವ ಮೊದಲೇ ತಿಳಿದಿರಬೇಕು.

ಬೆಂಗಳೂರಿನ ವಿಜ್ಞಾನ ಸಂಸ್ಥೆ 2011ರಲ್ಲಿ ಪಿಯುಸಿ ಮುಗಿಸಿದವರಿಗೆ ನಾಲ್ಕು ವರ್ಷದ ವಿಜ್ಞಾನ ಪದವಿ ಶುರು ಮಾಡಿತು. ಬೇಕಿದ್ದವರು ಐದನೇ ವರ್ಷ ಉಳಿದು ಸ್ನಾತಕೋತ್ತರ ಪದವಿ ಪಡೆಯಬಹುದು. ಏರೋಸ್ಪೇಸ್ ವಿಭಾಗ ಮಾತ್ರ ಇಂದಿಗೂ 1942ರ ದಾರಿಯಲ್ಲೇ ಇದೆ: ಇಂಜಿನಿಯರಿಂಗ್ ಪದವಿ ಮುಗಿಸಿ, ಗೇಟ್ ಪರೀಕ್ಷೆ ಬರೆದು ಬನ್ನಿ ಎನ್ನುತ್ತದೆ.

ಬಾಗಿಲು ಎಷ್ಟು ತೆರೆದಿದೆ?

ಈಗ ನಮ್ಮ ಮಾತಿಗೆ ಬರೋಣ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ಸೇರಿತು. ದಶಕಗಳ ಹೋರಾಟದ ಫಲ ಅದು. ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ನೂರಕ್ಕೆ 70 ಸೀಟು, ಉಳಿದ ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ಸಿಗುವಂತಾಯಿತು. ಸಿಇಟಿ ಮೂಲಕ ಬೆಂಗಳೂರಿನ ಕಾಲೇಜಿನಲ್ಲಿ ಏರೋನಾಟಿಕಲ್ ಬಿ.ಇ. ಸೇರುವವರಿಗೆ ಈ ಪ್ರಮಾಣಪತ್ರ ಕೆಲಸಕ್ಕೆ ಬರುತ್ತದೆ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿಯೂ ಸಿಇಟಿಯಲ್ಲಿವೆ.

ಆದರೆ ಐಐಟಿ, ಐಐಎಸ್‌ಟಿ, ವಿಜ್ಞಾನ ಸಂಸ್ಥೆ ಇವೆಲ್ಲ ಕೇಂದ್ರದವು. 371ಜೆ ಅಲ್ಲಿ ನಡೆಯುವುದಿಲ್ಲ. ಎರಡು ಪದವಿಯ ಕೋರ್ಸ್‌ಗಳ ಹೆಸರು ಮಾಡಿದ ಸಂಸ್ಥೆಗಳೆಲ್ಲ ಈ ಗೆರೆಯ ಆಚೆ ಇವೆ.

ಭಾಷೆಯ ಕಥೆಯೂ ಅರ್ಧಕ್ಕೆ ನಿಂತಿದೆ. 2021ರಿಂದ ಜೆಇಇ ಮೇನ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಐಐಟಿಗೆ, ಐಐಎಸ್‌ಟಿಗೆ ಬೇಕಾದ ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ. ಮೊದಲ ಬಾಗಿಲು ಕನ್ನಡದಲ್ಲಿ ತೆರೆಯುತ್ತದೆ, ಎರಡನೆಯದು ತೆರೆಯುವುದಿಲ್ಲ. ನಿಜಾಮರ ಕಾಲದಲ್ಲಿ ಉರ್ದು, ಬೆಂಗಳೂರಲ್ಲಿ ಇಂಗ್ಲಿಷ್ ಎಂಬ ಹಳೆಯ ತೊಡಕು ಪೂರ್ತಿ ಬಿಡಿಸಿಲ್ಲ. 371ಜೆಗೆ ದನಿ ಎತ್ತಿದ ಭಾಗ ಇದಕ್ಕೂ ದನಿ ಎತ್ತಬೇಕು ಎಂಬುದು ನಮ್ಮ ಅಭಿಪ್ರಾಯ.

ಶುಲ್ಕದ ವಿಷಯದಲ್ಲಿ ಮಾತ್ರ ಹೆದರಿ ಹಿಂದೆ ಸರಿಯಬೇಡಿ. 2016ರ ನಿರ್ಧಾರದಂತೆ ಐಐಟಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಬಿ.ಟೆಕ್. ಬೋಧನಾ ಶುಲ್ಕ ಪೂರ್ತಿ ಮನ್ನಾ. ವರ್ಷಕ್ಕೆ 1 ಲಕ್ಷಕ್ಕಿಂತ ಕಡಿಮೆ ಆದಾಯದ ಮನೆಯವರಿಗೂ ಪೂರ್ತಿ ಮನ್ನಾ. 1ರಿಂದ 5 ಲಕ್ಷದೊಳಗಿನವರಿಗೆ ಮೂರರಲ್ಲಿ ಎರಡು ಭಾಗ ಮನ್ನಾ. ಹಾಸ್ಟೆಲ್, ಊಟದ ಖರ್ಚು ಬೇರೆ. ತಹಶೀಲ್ದಾರ್ ಕಚೇರಿಯ ಆದಾಯ ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಂಡರೆ ಕೊನೆಯ ಗಳಿಗೆಯ ಓಡಾಟ ತಪ್ಪುತ್ತದೆ.

ಹಳೆಯ ದಾರಿ ಮುಚ್ಚಿಲ್ಲ

ಐದು ವರ್ಷದ ಕೋರ್ಸ್ ಒಂದು ವರ್ಷ ಉಳಿಸುತ್ತದೆ, ನಿಜ. ಆದರೆ ಅದು ಕೇಳುವ ಬೆಲೆಯೂ ಇದೆ. ಹದಿನೇಳು ವಯಸ್ಸಿಗೇ ಜೆಇಇ ಗೆಲ್ಲಬೇಕು, ಆಗಲೇ ವಿಮಾನವೇ ಬೇಕು ಎಂದು ಗೊತ್ತಿರಬೇಕು. ಕುಷ್ಟಗಿಯ ಹಳ್ಳಿಯೊಂದರ ಕನ್ನಡ ಶಾಲೆಯಿಂದ ಬಂದ ಹುಡುಗಿಗೆ ಈ ಎರಡೂ ಒಟ್ಟಿಗೆ ಕೂಡಿಬರುವುದು ಸುಲಭವಲ್ಲ.

ಅವಳಿಗೆ 1942ರ ದಾರಿ ಇದೆ. ತಳಕಲ್‌ನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಂತಹ ಹತ್ತಿರದ ಕಾಲೇಜಿನಲ್ಲಿ 371ಜೆ ಸೀಟು ಹಿಡಿದು ಒಂದು ಬಿ.ಇ. ಮುಗಿಸಬಹುದು. ಆ ನಾಲ್ಕು ವರ್ಷದಲ್ಲಿ ಇಂಗ್ಲಿಷೂ ಗಣಿತವೂ ಗಟ್ಟಿಯಾಗುತ್ತವೆ. ಆಮೇಲೆ ಗೇಟ್ ಬರೆದು ವಿಜ್ಞಾನ ಸಂಸ್ಥೆಗೋ ಐಐಟಿಗೋ ಏರೋಸ್ಪೇಸ್ ಎಂ.ಟೆಕ್.ಗೆ ಹೋಗಬಹುದು. ಆ ಎರಡು ವರ್ಷ ಗೇಟ್ ಪಾಸಾದವರಿಗೆ ತಿಂಗಳಿಗೆ 12,400 ರೂಪಾಯಿ ಸಹಾಯಧನ ಸಿಗುತ್ತದೆ. ಒಂದು ವರ್ಷ ಹೆಚ್ಚು ಹೋಗುತ್ತದೆ, ಮನೆಗೆ ಹೊರೆ ಕಡಿಮೆಯಾಗುತ್ತದೆ.

ಧವನ್, ನರಸಿಂಹ, ಸುರೇಶ್ ಇಂತಹ ಉದ್ದದ ದಾರಿಯಲ್ಲೇ ಮೇಲೆ ಹೋದವರು. ಅವರ ಪದವಿ ಪತ್ರಗಳು ಎರಡು, ಮೂರು ಊರಿನವು. ಆದ್ದರಿಂದ ಜೆಇಇ ಕೈತಪ್ಪಿದ ಮಗುವಿನ ಮುಂದೆ "ಮುಗೀತು ಬಿಡು" ಎನ್ನಬೇಡಿ. ಜೋಡಿ ಪದವಿ ಸಿಕ್ಕರೆ ಸಂತೋಷ, ಸಿಗದಿದ್ದರೆ ಬಿಡಿಬಿಡಿಯಾಗಿ ಕಟ್ಟಿಕೊಳ್ಳಬಹುದು. ಗಿಣಿಗೇರಾ ಹತ್ತಿರ ಖಾಸಗಿ ಏರ್‌ಸ್ಟ್ರಿಪ್ ಇದೆ, ಅಲ್ಲಿ ಇಳಿಯುವ ಚಿಕ್ಕ ವಿಮಾನವನ್ನು ನಮ್ಮ ಮಕ್ಕಳು ಇಂದಿಗೂ ತಲೆ ಎತ್ತಿ ನೋಡುತ್ತಾರೆ. ಹಾಗೆ ನೋಡುವವರಲ್ಲಿ ಒಬ್ಬರಾದರೂ ಅದರ ರೆಕ್ಕೆಯ ಲೆಕ್ಕ ಹಾಕುವಂತಾಗಲಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಪಿಯುಸಿ ಸೈನ್ಸ್ ಓದುವವರಿದ್ದರೆ ಇದನ್ನು ಅವರಿಗೂ ಓದಲು ಕೊಡಿ.